ಡಬ್ಬಿಯೊಳಗಿನ ಬಿಸಿ: ಕಂಪ್ಯೂಟರ್‌ಗೆ ಗಾಳಿ ಹಾಕಿದ ಕತೆ

ಇವತ್ತಿನ ಸಂಚಿಕೆಯೂ ಇತಿಹಾಸದ್ದೇ. ಆದರೆ ಇದರಲ್ಲಿ ಕೋಟೆ ಇಲ್ಲ, ಶಾಸನ ಇಲ್ಲ. ಒಂದು ತಗಡಿನ ಡಬ್ಬಿ ಇದೆ, ಅದರೊಳಗೆ ತಿರುಗೋ ಫ್ಯಾನ್ ಇದೆ. ಡೆಸ್ಕ್‌ಟಾಪ್ ಕಂಪ್ಯೂಟರಿನೊಳಗೆ ಗಾಳಿ ಎಲ್ಲಿಂದ ಬರಬೇಕು, ಎಲ್ಲಿಂದ ಹೋಗಬೇಕು ಅನ್ನೋ ಪ್ರಶ್ನೆಗೆ ಸುಮಾರು ಐವತ್ತು ವರ್ಷದ ಇತಿಹಾಸ ಇದೆ. ಅದರ ಕತೆ ಹೇಳ್ತೀನಿ.

ಶುರು ಮಾಡೋದು ನಮ್ಮ ಮನೆಯಿಂದಲೇ.

ನಮ್ಮೂರು ರಾಯಚೂರು. 2009ರಲ್ಲಿ ನಮ್ಮಣ್ಣ ಅಲ್ಲಿ ಒಂದು ಸಣ್ಣ ಡಿಟಿಪಿ ಸೆಂಟರ್ ಇಟ್ಟಿದ್ದ. ಒಂದು ಅಸೆಂಬಲ್ಡ್ ಕಂಪ್ಯೂಟರ್, ಒಂದು ಪ್ರಿಂಟರ್, ಎರಡು ಪ್ಲಾಸ್ಟಿಕ್ ಕುರ್ಚಿ. ವರ್ಷದ ದುಡಿಮೆಯಲ್ಲಿ ದೊಡ್ಡ ಪಾಲು ಬರ್ತಿದ್ದದ್ದು ಏಪ್ರಿಲ್, ಮೇ ತಿಂಗಳ ಲಗ್ನಪತ್ರಿಕೆಗಳಿಂದ. ಆ ಬೇಸಿಗೆಯಲ್ಲಿ ಮಧ್ಯಾಹ್ನ 12 ದಾಟಿದರೆ ಸಾಕು, ಕಂಪ್ಯೂಟರ್ ತಾನಾಗೇ ಆಫ್ ಆಗ್ತಿತ್ತು. ಮತ್ತೆ ಆನ್ ಮಾಡಿದರೆ ಹತ್ತು ನಿಮಿಷ ನಡೆದು ಮತ್ತೆ ಆಫ್. ರಿಪೇರಿಯವರು ಬಂದು ‘ವೈರಸ್’ ಅಂದರು. ಫಾರ್ಮ್ಯಾಟ್ ಮಾಡಿ 300 ರೂಪಾಯಿ ತಗೊಂಡು ಹೋದರು. ಹೀಗೆ ಮೂರು ಸಲ. ಕೊನೆಗೆ ಅಣ್ಣ ರಾತ್ರಿ 10ರಿಂದ ಬೆಳಗಿನ ಜಾವ 4ರವರೆಗೆ ಕೆಲಸ ಮಾಡೋಕೆ ಶುರು ಮಾಡಿದ. ರಾತ್ರಿ ಹೊತ್ತು ಕಂಪ್ಯೂಟರ್ ಚೆನ್ನಾಗಿ ನಡೀತಿತ್ತು. ವೈರಸ್ ರಾತ್ರಿ ಯಾಕೆ ಮಲಗುತ್ತೆ ಅಂತ ನಮ್ಮಲ್ಲಿ ಯಾರೂ ಕೇಳಲಿಲ್ಲ.

ಕಾರಣ ಕಂಡುಹಿಡಿದವರು ಕಂಪ್ಯೂಟರ್ ಕಲಿತವರಲ್ಲ. ಪಕ್ಕದ ಓಣಿಯಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದ ಒಬ್ಬ ಹಿರಿಯರು ಮಗಳ ಲಗ್ನಪತ್ರಿಕೆ ಮಾಡಿಸೋಕೆ ಬಂದಿದ್ದರು. ಕಣ್ಣೆದುರಿಗೇ ಕಂಪ್ಯೂಟರ್ ಆಫ್ ಆಯ್ತು. ಅವರು ಎದ್ದು ಬಂದು ಟೇಬಲ್ ಹಿಂದೆ ಕೈ ಹಾಕಿದರು. “ಬಿಸಿ ಗಾಳಿ ಹೊರಗ ಬರವಲ್ದು ನೋಡು ತಮ್ಮಾ. ಉಸುರುಗಟ್ಟೇತಿ ಇದಕ್ಕ” ಅಂದರು.

ನಿಮಗೆ ಆ ಕಾಲದ ಕಂಪ್ಯೂಟರ್ ಟೇಬಲ್ ನೆನಪಿರಬಹುದು. ಕೆಳಗೆ ಬಲಗಡೆ ‘ಸಿಪಿಯು’ ಇಡೋಕೆ ಒಂದು ಗೂಡು, ಅದಕ್ಕೊಂದು ಬಾಗಿಲು, ಹಿಂದೆ ಗೋಡೆ. ಒಳಗಿನ ಫ್ಯಾನ್ ಬಿಸಿ ಗಾಳಿಯನ್ನ ಹಿಂದಕ್ಕೆ ತಳ್ಳುತ್ತೆ, ಅದು ಗೋಡೆಗೆ ಬಡಿದು ಅದೇ ಗೂಡಿಗೆ ವಾಪಸ್ ಬರುತ್ತೆ, ಫ್ಯಾನ್ ಅದನ್ನೇ ಮತ್ತೆ ಎಳ್ಕೊಳ್ಳುತ್ತೆ. ಬಿಚ್ಚಿ ನೋಡಿದರೆ ಹೀಟ್‌ಸಿಂಕ್ ಮೇಲೆ ಧೂಳು ಕಂಬಳಿ ಹೊದಿಸಿದ ಹಾಗೆ ಕೂತಿತ್ತು. ಬ್ರಷ್ಷಲ್ಲಿ ಒರೆಸಿ, ಡಬ್ಬಿಯನ್ನ ಗೂಡಿನಿಂದ ಹೊರಗಿಟ್ಟೆವು. ಖರ್ಚು ಸೊನ್ನೆ. ಕಂಪ್ಯೂಟರ್ ಮಧ್ಯಾಹ್ನವೂ ನಡೀತು.

ಆದರೆ ತಡವಾಗಿತ್ತು. ಅದೇ ವಾರ ಹಾರ್ಡ್ ಡಿಸ್ಕ್ ಹೋಯ್ತು. ಬಿಸಿಯಿಂದಲೇ ಹೋಯ್ತೋ, ಪದೇ ಪದೇ ದಿಢೀರಂತ ಆಫ್ ಆಗಿದ್ದಕ್ಕೆ ಹೋಯ್ತೋ, ಹೇಳೋಕಾಗಲ್ಲ. ಒಪ್ಪಿಕೊಂಡಿದ್ದ ಪತ್ರಿಕೆಗಳ ಫೈಲ್ ಎಲ್ಲಾ ಅದರಲ್ಲೇ ಇದ್ದವು. ಅಣ್ಣ ಅಡ್ವಾನ್ಸ್ ದುಡ್ಡು ವಾಪಸ್ ಕೊಟ್ಟ. ಆ ಸೀಸನ್ ಹೋಯ್ತು. ಮುಂದಿನ ವರ್ಷ ಅಂಗಡಿಯೂ ಹೋಯ್ತು, ಅವನು ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಬಂದ.

ಆಮೇಲೆ ಎಷ್ಟೋ ವರ್ಷ ನನಗೆ ಒಂದು ಪ್ರಶ್ನೆ ಕಾಡ್ತಾ ಇತ್ತು. ಮೋಟರ್ ಸುತ್ತೋರಿಗೆ ಒಂದೇ ನಿಮಿಷದಲ್ಲಿ ಗೊತ್ತಾದದ್ದು, ಕಂಪ್ಯೂಟರ್ ಡಬ್ಬಿ ಮಾಡೋರಿಗೆ ಯಾಕೆ ಗೊತ್ತಾಗಲಿಲ್ಲ? ಹುಡುಕಿದಾಗ ಸಿಕ್ಕ ಉತ್ತರ ಇಷ್ಟು: ಅವರಿಗೆ ಗೊತ್ತಿತ್ತು. ಆದರೆ ಪ್ರತಿ ಸಲ ಬೇರೆ ಏನೋ ಒಂದು ಮುಂದೆ ಬಂತು. ಅಂದ, ಸದ್ದು, ಬೆಲೆ, ಇಲ್ಲಾ ಹಳೇ ರೂಢಿ.

ಕೋಣೆಯೇ ಕಂಪ್ಯೂಟರ್ ಆಗಿದ್ದಾಗ

1946ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಎನಿಯಾಕ್ ಅನ್ನೋ ಯಂತ್ರವನ್ನ ಜನರಿಗೆ ತೋರಿಸಿದರು. ಹಳೇ ರೇಡಿಯೋದಲ್ಲಿ ಇರ್ತಿದ್ದ ವಾಲ್ವ್ ಗೊತ್ತಲ್ಲ, ಅಂಥವು ಸುಮಾರು 18,000. ವಿದ್ಯುತ್ ಸುಮಾರು 150 ಕಿಲೋವ್ಯಾಟ್. ಇಲ್ಲಿ ಒಂದು ಮಾತು ನೆನಪಿಟ್ಟುಕೊಳ್ಳಿ, ಇಡೀ ಸಂಚಿಕೆಗೆ ಬೇಕಾಗುತ್ತೆ. ಕಂಪ್ಯೂಟರ್ ಎಷ್ಟು ಕರೆಂಟ್ ತಿನ್ನುತ್ತೋ, ಹೆಚ್ಚುಕಡಿಮೆ ಅಷ್ಟನ್ನೂ ಬಿಸಿಯಾಗಿ ಹೊರಗೆ ಹಾಕುತ್ತೆ. ಲೆಕ್ಕ ಮಾಡಿ ಕೊಟ್ಟ ಉತ್ತರಕ್ಕೆ ತೂಕ ಇಲ್ಲ, ಉಳಿಯೋದು ಶಾಖ ಮಾತ್ರ. ಹಾಗಾಗಿ ಎನಿಯಾಕ್‌ಗೆ ಮೊದಲಿಂದಲೇ ದೊಡ್ಡ ಬ್ಲೋವರ್‌ಗಳನ್ನ ಇಟ್ಟು ಗಾಳಿ ಹೊಡೆಸ್ತಿದ್ದರು.

ಮುಂದೆ 1976ರಲ್ಲಿ ಬಂದ ಕ್ರೇ-1 ಸೂಪರ್ ಕಂಪ್ಯೂಟರಿಗೆ ಗಾಳಿ ಸಾಲಲಿಲ್ಲ. ಫ್ರಿಜ್ಜಿನಲ್ಲಿ ಓಡೋ ಫ್ರಿಯಾನ್ ಅನ್ನು ಪೈಪಿನಲ್ಲಿ ಹರಿಸಿ ತಂಪು ಮಾಡಿದರು. 1985ರ ಕ್ರೇ-2ರಲ್ಲಿ ಸರ್ಕ್ಯೂಟ್ ಬೋರ್ಡುಗಳನ್ನೇ ವಿದ್ಯುತ್ ಹರಿಯದ ಒಂದು ದ್ರವದಲ್ಲಿ ಮುಳುಗಿಸಿಟ್ಟರು. ದೊಡ್ಡ ಯಂತ್ರ ಕಟ್ಟೋರು ಬಿಸಿಯನ್ನ ಯಾವತ್ತೂ ಹಗುರವಾಗಿ ತಗೊಳ್ಳಲಿಲ್ಲ. ಹಗುರವಾಗಿ ತಗೊಂಡಿದ್ದು ಕಂಪ್ಯೂಟರ್ ನಮ್ಮ ಮೇಜಿನ ಮೇಲೆ ಬಂದಮೇಲೆ.

ಫ್ಯಾನ್ ಬೇಡ ಅಂದ ಕಂಪನಿ

1977ರಲ್ಲಿ ಆಪಲ್-2 ಬಂತು. ಸ್ಟೀವ್ ಜಾಬ್ಸ್‌ಗೆ ಫ್ಯಾನ್ ಸದ್ದು ಅಂದ್ರೆ ಆಗ್ತಿರಲಿಲ್ಲ. ಮನೆಯಲ್ಲಿಡೋ ವಸ್ತು ಗೊಂಯ್ ಅನ್ನಬಾರದು ಅನ್ನೋದು ಅವರ ಹಟ. ಆ ಹಟವನ್ನ ರಾಡ್ ಹೋಲ್ಟ್ ಅನ್ನೋ ಎಂಜಿನಿಯರ್ ಉಳಿಸಿಕೊಟ್ಟರು. ಕಡಿಮೆ ಬಿಸಿಯಾಗುವ, ಹಗುರವಾದ ಸ್ವಿಚಿಂಗ್ ಪವರ್ ಸಪ್ಲೈ ಮಾಡಿದರು. ಫ್ಯಾನ್ ಇಲ್ಲದೇ ಆಪಲ್-2 ಗೆದ್ದಿತು. ಆದರೆ ಜನ ಅದರ ಸ್ಲಾಟುಗಳಿಗೆ ಒಂದೊಂದೇ ಕಾರ್ಡ್ ತುಂಬಿಸೋಕೆ ಶುರು ಮಾಡಿದಾಗ ಒಳಗೆ ಬಿಸಿ ಏರಿತು. ಕೆನ್ಸಿಂಗ್ಟನ್ ಅನ್ನೋ ಕಂಪನಿ ಡಬ್ಬಿಯ ಪಕ್ಕಕ್ಕೆ ಸಿಕ್ಕಿಸೋ ಫ್ಯಾನ್ ಮಾರಿ ಚೆನ್ನಾಗಿ ದುಡ್ಡು ಮಾಡಿತು. ತಯಾರಿಸಿದವರು ಬೇಡ ಅಂದಿದ್ದನ್ನ ಬಳಸೋರೇ ಕಾಸು ಕೊಟ್ಟು ಹಾಕಿಸಿಕೊಂಡರು.

1980ರಲ್ಲಿ ಆಪಲ್-3 ಬಂತು. ಇದಕ್ಕೂ ಫ್ಯಾನ್ ಇಲ್ಲ. ಕೆಳಗಿನ ಅಲ್ಯೂಮಿನಿಯಂ ಮೈಯೇ ಬಿಸಿಯನ್ನ ಹೀರಿಕೊಳ್ಳುತ್ತೆ ಅಂತ ಲೆಕ್ಕ. ಕೆಲವೇ ದಿನದಲ್ಲಿ ದೂರುಗಳು ಬಂದವು: ಒಳಗಿನ ಚಿಪ್‌ಗಳು ಸಾಕೆಟ್ಟಿನಿಂದ ಸಡಿಲ ಆಗ್ತಿದ್ದವು. ಆಗ ಕೊಟ್ಟ ಸಲಹೆ ಇವತ್ತಿಗೂ ತಮಾಷೆಯಾಗಿ ಉಳಿದಿದೆ. ಕಂಪ್ಯೂಟರನ್ನ ಮೇಜಿನಿಂದ ಎರಡು ಮೂರು ಇಂಚು ಎತ್ತಿ ಕೈ ಬಿಡಿ, ಚಿಪ್ ವಾಪಸ್ ಕೂರುತ್ತೆ ಅಂತ. ತಪ್ಪು ಬಿಸಿಯದ್ದೋ, ಕಳಪೆ ಸಾಕೆಟ್ಟಿನದ್ದೋ, ಬೋರ್ಡಿನ ವಿನ್ಯಾಸದ್ದೋ ಅಂತ ಅದನ್ನ ಕಟ್ಟಿದವರೇ ಆಮೇಲೆ ವಾದ ಮಾಡಿದ್ದಾರೆ. ಮೊದಲ ಸುಮಾರು 14,000 ಯಂತ್ರಗಳನ್ನ ಬದಲಾಯಿಸಿ ಕೊಡಬೇಕಾಯ್ತು. ಆ ಮಾದರಿ ಮತ್ತೆ ಚೇತರಿಸಿಕೊಳ್ಳಲಿಲ್ಲ. 1984ರ ಮೊದಲ ಮ್ಯಾಕಿಂಟೋಷ್‌ನಲ್ಲೂ ಫ್ಯಾನ್ ಇರಲಿಲ್ಲ. ಆ ಸಾಲಿನ ಡಬ್ಬಿಗೆ ಫ್ಯಾನ್ ಬಂದಿದ್ದು 1987ರ ಮ್ಯಾಕಿಂಟೋಷ್ ಎಸ್‌ಇಯಲ್ಲಿ.

ಒಂದೇ ಫ್ಯಾನಿನ ಸಂಸಾರ

ನಮ್ಮಣ್ಣನ ಡಬ್ಬಿಯ ವಂಶ ಇದಲ್ಲ, ಬೇರೆ. 1981ರ ಆಗಸ್ಟಿನಲ್ಲಿ ಐಬಿಎಂ ಪಿಸಿ ಬಂತು. ಅದರ ಪವರ್ ಸಪ್ಲೈ ಬರೀ 63.5 ವ್ಯಾಟಿನದು. ಪ್ರೊಸೆಸರ್ ಮೇಲೆ ಹೀಟ್‌ಸಿಂಕ್ ಕೂಡ ಬೇಕಿರಲಿಲ್ಲ. ಪವರ್ ಸಪ್ಲೈ ಒಳಗೆ ಒಂದೇ ಒಂದು ಫ್ಯಾನ್. ಅದು ಡಬ್ಬಿಯೊಳಗಿನ ಗಾಳಿಯನ್ನ ಎಳೆದು ಹಿಂದಕ್ಕೆ ಬಿಡ್ತಿತ್ತು. ಹೊಸ ಗಾಳಿ ಸಿಕ್ಕ ಸಿಕ್ಕ ಸಂದಿಯಿಂದ ತಾನೇ ನುಗ್ಗಿ ಬರ್ತಿತ್ತು. ಅಷ್ಟು ಸಾಕಾಗಿತ್ತು ಕೂಡ.

ತೊಂದರೆ ಏನಂದ್ರೆ, ಆ ಡಬ್ಬಿಯನ್ನೇ ಎಲ್ಲರೂ ನಕಲು ಮಾಡಿದರು. ಒಳಗಿನ ಬಿಸಿ ಬದಲಾಯ್ತು, ಡಬ್ಬಿ ಬದಲಾಗಲಿಲ್ಲ. 1993ರ ಮೊದಲ ಪೆಂಟಿಯಂ ಸುಮಾರು 15 ವ್ಯಾಟ್ ಬಿಸಿ ಹೊರಹಾಕ್ತಿತ್ತು. ಬೆರಳುಗುರಿನಷ್ಟು ಜಾಗದಿಂದ 15 ವ್ಯಾಟ್! ಪ್ರೊಸೆಸರ್ ತಲೆ ಮೇಲೆ ಹೀಟ್‌ಸಿಂಕ್, ಅದರ ಮೇಲೆ ಪುಟ್ಟ ಫ್ಯಾನ್ ಕೂರಿಸೋದು ಮಾಮೂಲಿ ಆಯ್ತು. ಆದರೆ ಆ ಪುಟ್ಟ ಫ್ಯಾನ್ ಬಿಸಿಯನ್ನ ಚಿಪ್ಪಿನಿಂದ ಡಬ್ಬಿಯೊಳಗಿನ ಗಾಳಿಗೆ ಹಾಕುತ್ತೆ, ಅಷ್ಟೇ. ಡಬ್ಬಿಯಿಂದ ಹೊರಗೆ ಹಾಕೋದು ಇನ್ನೊಬ್ಬರ ಕೆಲಸ. ಮನೆಯ ಕಸ ಗುಡಿಸಿ ಬಾಗಿಲ ಹಿಂದೆ ರಾಶಿ ಹಾಕಿದ ಹಾಗೆ.

1995ರಲ್ಲಿ ಇಂಟೆಲ್ ಎಟಿಎಕ್ಸ್ ಅನ್ನೋ ಹೊಸ ಅಳತೆಪಟ್ಟಿ ತಂತು. ಇವತ್ತಿಗೂ ನಾವು ಬಳಸೋದು ಅದರ ಮಕ್ಕಳು, ಮೊಮ್ಮಕ್ಕಳನ್ನೇ. ಮೊದಲ ಎಟಿಎಕ್ಸ್‌ನಲ್ಲಿ ಒಂದು ವಿಚಿತ್ರ ಇತ್ತು. ಪವರ್ ಸಪ್ಲೈ ಫ್ಯಾನ್ ಹೊರಗಿನ ಗಾಳಿಯನ್ನ ಒಳಗೆ ಎಳೆದು ಪ್ರೊಸೆಸರ್ ಮೇಲೆ ಬೀಸಬೇಕು ಅನ್ನೋ ಆಲೋಚನೆ. ಒಂದೇ ಫ್ಯಾನಲ್ಲಿ ಎರಡು ಕೆಲಸ, ಖರ್ಚು ಉಳಿತಾಯ. ಆದರೆ ಪವರ್ ಸಪ್ಲೈ ತಾನೇ ಬಿಸಿ ಇರುತ್ತೆ. ಅದರ ಮೂಲಕ ಬಂದ ಗಾಳಿ ಪ್ರೊಸೆಸರ್ ಮುಟ್ಟೋ ಹೊತ್ತಿಗೆ ಬೆಚ್ಚಗಾಗಿರುತ್ತೆ. ಕೆಲ ವರ್ಷದಲ್ಲೇ ದಿಕ್ಕು ತಿರುಗಿಸಿ, ಮತ್ತೆ ಹೊರಕ್ಕೆ ಬೀಸೋ ಹಾಗೆ ಮಾಡಿದರು.

ಮಂಡಿಯೂರಿದ ಮುಖ್ಯಸ್ಥ

2001ರ ಫೆಬ್ರವರಿಯಲ್ಲಿ ಇಂಟೆಲ್‌ನ ಪ್ಯಾಟ್ ಗೆಲ್ಸಿಂಗರ್ ಎಂಜಿನಿಯರುಗಳ ಸಮ್ಮೇಳನದಲ್ಲಿ ಒಂದು ಎಚ್ಚರಿಕೆ ಕೊಟ್ಟರು. ಚಿಪ್ಪಿನ ಬಿಸಿ ಹೀಗೇ ಏರುತ್ತಾ ಹೋದರೆ, ಪ್ರತಿ ಚದರ ಸೆಂಟಿಮೀಟರಿಗೆ ಅದು ಪರಮಾಣು ರಿಯಾಕ್ಟರಿನಷ್ಟು, ಆಮೇಲೆ ರಾಕೆಟ್ ಬಾಯಿಯಷ್ಟು, ಕೊನೆಗೆ ಸೂರ್ಯನ ಮೈಯಷ್ಟು ಆಗುತ್ತೆ ಅಂತ. ಅದೇ ವರ್ಷ ಟಾಮ್ಸ್ ಹಾರ್ಡ್‌ವೇರ್ ಅನ್ನೋ ವೆಬ್‌ಸೈಟ್ ಒಂದು ವಿಡಿಯೋ ಮಾಡಿತು. ಗೇಮ್ ನಡೀತಿರುವಾಗಲೇ ಪ್ರೊಸೆಸರ್ ಮೇಲಿನ ಹೀಟ್‌ಸಿಂಕ್ ಕಿತ್ತುಹಾಕಿದರು. ಪೆಂಟಿಯಂ-4 ತನ್ನ ವೇಗ ಇಳಿಸಿಕೊಂಡು ಬದುಕಿತು. ಎಎಂಡಿಯ ಅಥ್ಲಾನ್ ಕೆಲವೇ ಕ್ಷಣದಲ್ಲಿ ಹೊಗೆ ಬಿಟ್ಟು ಸತ್ತಿತು. ಬಿಸಿ ಆದಾಗ ನಿಧಾನ ಆಗೋದು ಅಥವಾ ಆಫ್ ಆಗೋದು ಚಿಪ್ಪಿಗೆ ಪ್ರಾಣ ಉಳಿಸೋ ವಿದ್ಯೆ ಅಂತ ಜನರಿಗೆ ಕಣ್ಣಾರೆ ಗೊತ್ತಾಯ್ತು. ನಮ್ಮಣ್ಣನ ಕಂಪ್ಯೂಟರ್ ಮಧ್ಯಾಹ್ನ ಮಾಡ್ತಿದ್ದದ್ದೂ ಅದನ್ನೇ. ನಾವು ಅದನ್ನ ರೋಗ ಅಂದುಕೊಂಡೆವು.

2004ರಲ್ಲಿ ಬಂದ ಪೆಂಟಿಯಂ-4ರ ಹೊಸ ತಳಿ ಪ್ರೆಸ್ಕಾಟ್. ಕೆಲವು ಮಾದರಿಗಳು 100 ವ್ಯಾಟ್ ದಾಟಿದವು. ಅದುವರೆಗೆ ಚಿಪ್ಪಿನ ಒಳಗಿನ ಟ್ರಾನ್ಸಿಸ್ಟರ್ ಚಿಕ್ಕದಾದ ಹಾಗೆ ಅದಕ್ಕೆ ಬೇಕಾದ ವೋಲ್ಟೇಜ್ ಕೂಡ ಇಳೀತಿತ್ತು. ಐಬಿಎಂನ ರಾಬರ್ಟ್ ಡೆನ್ನಾರ್ಡ್ ಮತ್ತು ಸಂಗಡಿಗರು 1974ರಲ್ಲೇ ಈ ಲೆಕ್ಕ ಬರೆದಿಟ್ಟಿದ್ದರು. ಆದರೆ ಈ ಹೊತ್ತಿಗೆ ಟ್ರಾನ್ಸಿಸ್ಟರ್ ಎಷ್ಟು ಚಿಕ್ಕದಾಗಿತ್ತು ಅಂದ್ರೆ, ಆಫ್ ಇದ್ದಾಗಲೂ ಕರೆಂಟ್ ಸೋರೋಕೆ ಶುರುವಾಯ್ತು. ವೋಲ್ಟೇಜ್ ಇನ್ನೂ ಇಳಿಸೋಕಾಗಲ್ಲ, ವೇಗ ಏರಿಸಿದರೆ ಬಿಸಿ ತಡೆಯೋಕಾಗಲ್ಲ. ಇಂಟೆಲ್ 2004ರ ಮೇನಲ್ಲಿ ಮುಂದಿನ ಚಿಪ್ ಟೇಜಸ್ ಅನ್ನು ಕೈಬಿಟ್ಟಿತು. ಅಕ್ಟೋಬರಿನಲ್ಲಿ 4 ಗಿಗಾಹರ್ಟ್ಸ್ ಪೆಂಟಿಯಂ-4 ಬರಲ್ಲ ಅಂತ ಹೇಳಿತು. ಆಗಿನ ಮುಖ್ಯಸ್ಥ ಕ್ರೇಗ್ ಬ್ಯಾರೆಟ್ ಸಾವಿರಾರು ಜನರ ಮುಂದೆ ವೇದಿಕೆಯಲ್ಲಿ ಮಂಡಿಯೂರಿ ಅದಕ್ಕೆ ಕ್ಷಮೆ ಕೇಳಿದರು. ಅರ್ಧ ತಮಾಷೆ, ಅರ್ಧ ನಿಜ.

ಸರಿ ಇದ್ದರೂ ಸೋತ ಡಬ್ಬಿ

ಇದೇ ಹೊತ್ತಿಗೆ ಇಂಟೆಲ್ ಡಬ್ಬಿಯನ್ನೇ ಸರಿ ಮಾಡೋಕೆ ಹೊರಟಿತು. ಅದರ ಹೆಸರು ಬಿಟಿಎಕ್ಸ್. 2003ರಲ್ಲಿ ಘೋಷಣೆ ಆಯ್ತು. ಆಲೋಚನೆ ಬಹಳ ಸರಳ. ಮುಂದೆ ಒಂದು ದೊಡ್ಡ ಫ್ಯಾನ್, ಅದರ ಹಿಂದೆಯೇ ಪ್ರೊಸೆಸರ್. ಹೊರಗಿನ ತಂಪು ಗಾಳಿ ಮೊದಲು ಅತಿ ಬಿಸಿಯಾದ ಚಿಪ್ಪಿಗೆ, ಆಮೇಲೆ ಉಳಿದ ಭಾಗಗಳಿಗೆ ತಾಗಿ ನೇರವಾಗಿ ಹಿಂದಿನಿಂದ ಹೊರಗೆ. ತೊಟ್ಟಿಮನೆಯಲ್ಲಿ ಮುಂಬಾಗಿಲು, ಹಿತ್ತಲ ಬಾಗಿಲು ಒಂದೇ ಗೆರೆಯಲ್ಲಿ ಇರುತ್ತಲ್ಲ, ಹಾಗೆ.

ಸರಿಯಾದ ಆಲೋಚನೆಯೇ. ಆದರೂ ಸೋತಿತು. ಎಲ್ಲರ ಬಳಿಯೂ ಎಟಿಎಕ್ಸ್ ಡಬ್ಬಿ, ಎಟಿಎಕ್ಸ್ ಬೋರ್ಡ್ ಇತ್ತು. ಬದಲಾಯಿಸೋಕೆ ಯಾರಿಗೂ ಮನಸ್ಸಿಲ್ಲ. ಅಷ್ಟರಲ್ಲಿ 2006ರಲ್ಲಿ ಕೋರ್ 2 ಡ್ಯೂಯೋ ಬಂತು. ಬರೀ 65 ವ್ಯಾಟ್, ಕೆಲಸ ಮಾತ್ರ ಹೆಚ್ಚು. ರೋಗವೇ ಕಮ್ಮಿ ಆಯ್ತು, ಔಷಧಿ ಯಾರಿಗೆ ಬೇಕು? ಅದೇ ವರ್ಷ ಇಂಟೆಲ್ ಬಿಟಿಎಕ್ಸ್ ಅನ್ನು ಕೈಬಿಟ್ಟಿತು.

ಆದರೆ ಪಾಠ ಪೂರ್ತಿ ಸಾಯಲಿಲ್ಲ. ಹಳೇ ಎಟಿಎಕ್ಸ್ ಒಳಗೇ ಸಣ್ಣ ಸಣ್ಣ ತಿದ್ದುಪಡಿ ಬಂದವು. 2005ರ ಆಂಟೆಕ್ ಪಿ180 ಅನ್ನೋ ಕ್ಯಾಬಿನೆಟ್ ಪವರ್ ಸಪ್ಲೈಯನ್ನ ಮೇಲಿನಿಂದ ತೆಗೆದು ಕೆಳಗಿನ ಬೇರೆ ಕೋಣೆಯಲ್ಲಿ ಇಟ್ಟಿತು. ಅದರ ಬಿಸಿ ಅದರದ್ದೇ ದಾರಿಯಲ್ಲಿ ಹೋಗಲಿ ಅಂತ. ಇವತ್ತು ಹೆಚ್ಚಿನ ಕ್ಯಾಬಿನೆಟ್‌ಗಳಲ್ಲಿ ಪವರ್ ಸಪ್ಲೈ ಇರೋದು ಕೆಳಗೇ. 80 ಮಿಲಿಮೀಟರ್ ಫ್ಯಾನ್ ಹೋಗಿ 120, 140 ಮಿಲಿಮೀಟರ್ ಬಂದವು. ದೊಡ್ಡ ಫ್ಯಾನ್ ನಿಧಾನಕ್ಕೆ ತಿರುಗಿಯೂ ಅಷ್ಟೇ ಗಾಳಿ ತಳ್ಳುತ್ತೆ, ಸದ್ದು ಕಮ್ಮಿ. ಜಾಬ್ಸ್ ಬಯಸಿದ ಮೌನ ಸಿಕ್ಕಿದ್ದು ಫ್ಯಾನ್ ತೆಗೆದು ಅಲ್ಲ, ಫ್ಯಾನ್ ದೊಡ್ಡದು ಮಾಡಿ.

ಗಾಜಿನ ಕಾಲ

ಇನ್ನು ನಿಮ್ಮ ಕಾಲಕ್ಕೆ ಬರೋಣ. 2010ರ ದಶಕದಲ್ಲಿ ಬಣ್ಣದ ಲೈಟು, ಗಾಜಿನ ಪಕ್ಕೆ, ಆಮೇಲೆ ಮುಂದೂ ಗಾಜು. ನೋಡೋಕೆ ಚೆಂದ. ಆದರೆ ಮೂರು ಫ್ಯಾನ್ ಗಾಳಿ ಎಳೀಬೇಕಾದ ಬಾಗಿಲಿಗೇ ಗಾಜು ಮುಚ್ಚಿ, ಪಕ್ಕದಲ್ಲಿ ಒಂದು ಬೆರಳು ಸಂದಿ ಬಿಟ್ಟರು. ಅತ್ತ ಒಳಗಿನ ಬಿಸಿ ಏರ್ತಾ ಹೋಯ್ತು. 2022ರಲ್ಲಿ ಬಂದ ಆರ್‌ಟಿಎಕ್ಸ್ 4090 ಗ್ರಾಫಿಕ್ಸ್ ಕಾರ್ಡ್ ಒಂದೇ 450 ವ್ಯಾಟಿನದು. 1981ರ ಇಡೀ ಐಬಿಎಂ ಪಿಸಿಯ ಪವರ್ ಸಪ್ಲೈಗಿಂತ 7 ಪಟ್ಟು.

ಒಂದು ಲೆಕ್ಕ ಮಾಡೋಣ, ಕಷ್ಟ ಇಲ್ಲ. 300 ವ್ಯಾಟ್ ಬಿಸಿಯನ್ನ ಹೊರಗೆ ಹಾಕಬೇಕು, ಹೋಗೋ ಗಾಳಿ ಬರೋ ಗಾಳಿಗಿಂತ 10 ಡಿಗ್ರಿ ಮಾತ್ರ ಬಿಸಿ ಇರಬೇಕು ಅಂದ್ರೆ, ಪ್ರತಿ ಸೆಕೆಂಡಿಗೆ ಸುಮಾರು 25 ಲೀಟರ್ ಗಾಳಿ ಡಬ್ಬಿಯೊಳಗೆ ಹಾದುಹೋಗಬೇಕು. ನೀರಿನ ಕ್ಯಾನ್ ಇರುತ್ತಲ್ಲ, 20 ಲೀಟರಿಂದು, ಅದಕ್ಕಿಂತ ಹೆಚ್ಚು, ಒಂದೊಂದು ಸೆಕೆಂಡಿಗೂ. ಅಷ್ಟು ಗಾಳಿ ಒಂದು ಬೆರಳು ಸಂದಿಯಲ್ಲಿ ಹೋಗಬೇಕು ಅಂದ್ರೆ ಫ್ಯಾನ್ ಕಿರುಚಲೇಬೇಕು. ಕೆಲ ವರ್ಷ ಹೀಗೆ ಬೆಂದ ಮೇಲೆ ಮುಂಭಾಗದ ಜಾಲರಿ ವಾಪಸ್ ಬಂತು. ಈಗ ಅದನ್ನೇ ಹೊಸ ಫ್ಯಾಷನ್ ಅಂತ ಮಾರ್ತಾರೆ.

ಇನ್ನೊಂದು ಮಾತು, ಇದು ನಮ್ಮ ಕಡೆಯವರಿಗೆ. ಫ್ಯಾನ್ ಗಾಳಿಯನ್ನ ತಂಪು ಮಾಡಲ್ಲ, ಬರೀ ಸಾಗಿಸುತ್ತೆ. ಕೋಣೆಯ ಬಿಸಿ 25 ಡಿಗ್ರಿ ಇದ್ದಾಗ ಚಿಪ್ 75 ಇದ್ದರೆ, ರಾಯಚೂರಿನ 40 ಡಿಗ್ರಿ ಮಧ್ಯಾಹ್ನದಲ್ಲಿ ಅದು ಹೆಚ್ಚುಕಡಿಮೆ 90. ಎಸಿ ರೂಮಲ್ಲಿ ಕೂತು ವಿಡಿಯೋ ಮಾಡೋರ ಲೆಕ್ಕ ನಮಗೆ ಹಾಗೇ ಹೊಂದಲ್ಲ. ಪಕ್ಕದ ತಗಡು ಬಿಚ್ಚಿ ಟೇಬಲ್ ಫ್ಯಾನ್ ಇಡೋದು ನಮ್ಮಲ್ಲಿ ಎಲ್ಲರೂ ಮಾಡಿದ ಉಪಾಯ. ಉಸಿರುಗಟ್ಟಿದ ಡಬ್ಬಿಗೆ ಅದರಿಂದ ಅವತ್ತಿನ ಮಟ್ಟಿಗೆ ಆರಾಮ ಸಿಗುತ್ತೆ, ನಿಜ. ಆದರೆ ಧೂಳಿಗೂ ಬಾಗಿಲು ತೆರೆದ ಹಾಗೆ, ಮೂರು ತಿಂಗಳಲ್ಲಿ ಕಂಬಳಿ ಮತ್ತೆ ರೆಡಿ. ಅದಕ್ಕಿಂತ ಮುಂದೆ ಜಾಲರಿ, ಅದರ ಹಿಂದೆ ತೊಳೆಯೋಕೆ ಬರೋ ಫಿಲ್ಟರ್, ಒಳಗೆ ಎಳೆಯೋ ಫ್ಯಾನ್ ಹೊರಗೆ ತಳ್ಳೋದಕ್ಕಿಂತ ಸ್ವಲ್ಪ ಹೆಚ್ಚು. ಆಗ ಗಾಳಿ ಸಂದಿಗಳಿಂದ ಹೊರಗೆ ಹೋಗುತ್ತೆ, ಧೂಳು ಸಂದಿಯಿಂದ ಒಳಗೆ ಬರಲ್ಲ. ಕೇಬಲ್‌ಗಳು ಗಾಳಿಯ ದಾರಿಯಲ್ಲಿ ಅಡ್ಡ ಇರಬಾರದು. ಡಬ್ಬಿ ಗೋಡೆಯಿಂದ ಒಂದು ಗೇಣು ದೂರ ಇರಲಿ. ಇಷ್ಟೇ ವಿದ್ಯೆ.

ಹೋದ ತಿಂಗಳು ಅಣ್ಣನ ಮಗ ಎಡಿಟಿಂಗ್ ಕೆಲಸಕ್ಕೆ ಕಂಪ್ಯೂಟರ್ ಕಟ್ಟಿಸಬೇಕು ಅಂತ ನನ್ನನ್ನ ಎಸ್‌.ಪಿ. ರೋಡಿಗೆ ಕರ್ಕೊಂಡು ಹೋದ. ಮದುವೆ ವಿಡಿಯೋ ಎಡಿಟ್ ಮಾಡ್ತಾನೆ ಅವನು. ಸೀಸನ್ ಅದೇ, ಏಪ್ರಿಲ್, ಮೇ. ಅಣ್ಣನೂ ಜೊತೆಗೆ ಬಂದಿದ್ದ. ಹುಡುಗನ ಕಣ್ಣು ನಾಲ್ಕೂ ಕಡೆ ಲೈಟಿರೋ, ಮುಂದೆ ಪೂರ್ತಿ ಗಾಜಿನ ಕ್ಯಾಬಿನೆಟ್ ಮೇಲೆ. “ಕಾಕಾ, ಇದು ಸೂಪರ್ ಕಾಣ್ತದ” ಅಂದ. ನಾನು ಆಪಲ್-3 ಕತೆ ಹೇಳೋಕೆ ಬಾಯಿ ತೆರೆದೆ. ಅಷ್ಟರಲ್ಲಿ ಅಣ್ಣ ಅಂಗಡಿಯವರಿಗೆ ಅದನ್ನ ಆನ್ ಮಾಡೋಕೆ ಹೇಳಿದ. ಒಂದು ಗೇಮ್ ಹಾಕಿ ಹತ್ತು ನಿಮಿಷ ಬಿಡಿ ಅಂದ. ಆಮೇಲೆ ಸುಮ್ಮನೆ ಹಿಂದೆ ಹೋಗಿ ಕೈ ಇಟ್ಟ. ಪಕ್ಕದಲ್ಲಿ ಜಾಲರಿಯದೊಂದು ನಡೀತಿತ್ತು, ಅದರ ಹಿಂದೂ ಕೈ ಇಟ್ಟ. ಮಗನನ್ನ ಕರೆದು, “ನೀನೂ ಇಟ್ಟು ನೋಡು” ಅಂದ.

ಹುಡುಗ ಜಾಲರಿಯದ್ದನ್ನೇ ತಗೊಂಡ. ಲೈಟ್ ಮಾತ್ರ ಬಿಡಲಿಲ್ಲ, ಎರಡು ಹಾಕಿಸಿಕೊಂಡ.

ನಿಮ್ಮ ಕೈಯಲ್ಲಿರೋ ಫೋನಿಗೆ ಬಹುಶಃ ಫ್ಯಾನೇ ಇಲ್ಲ. ಬಿಸಿ ಆದಾಗ ಅದು ಏನೂ ಹೇಳದೆ ನಿಧಾನ ಆಗುತ್ತೆ. ಬಿಸಿಲಲ್ಲಿ ಗೇಮ್ ತಡವರಿಸಿದರೆ, ಚಾರ್ಜಿಗೆ ಹಾಕಿದಾಗ ದಿಂಬಿನ ಕೆಳಗೆ ಫೋನ್ ಕಾದರೆ, ವೈರಸ್ ಅಂತ ಯಾರಿಗೂ 300 ರೂಪಾಯಿ ಕೊಡೋಕೆ ಹೋಗಬೇಡಿ. ಮೊದಲು ಅದರ ಬೆನ್ನಿಗೆ ಕೈ ಇಟ್ಟು ನೋಡಿ.